ಭಾವದ ಉದಯ, ಭಾವದ ಉಪಶಮ: ಕವಿವರ ಬನಾರಸೀದಾಸರ ಬದುಕು

ಮನೆಯಲ್ಲಿ ಮರಣ ಸಂಭವಿಸಿದಾಗ ಸಾಂತ್ವನ ಹೇಳಲು ಬರುವ ಹಿರಿಯರು ಸಾಮಾನ್ಯವಾಗಿ ಒಂದು ಮಾತನ್ನು ಆಡುತ್ತಾರೆ. ಸಂಸಾರ ಅನಿತ್ಯವೆಂದು ಬಲ್ಲ ಜೈನರು ಅಳಬಾರದು, ಶೋಕಿಸಿದರೆ ಕರ್ಮಬಂಧವಾಗುತ್ತದೆ ಎಂಬುದು ಆ ಮಾತು. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಕೇಳಿಸಿಕೊಂಡವರ ಕಣ್ಣೀರು ಆ ಮಾತಿನಿಂದ ನಿಲ್ಲುವುದಿಲ್ಲ. ಬದಲಾಗಿ ದುಃಖದ ಮೇಲೆ ಇನ್ನೊಂದು ಭಾರ ಬಂದು ಕೂರುತ್ತದೆ. ಇಷ್ಟು ವರ್ಷ ಬಸದಿಗೆ ಹೋದದ್ದು, ಸ್ವಾಧ್ಯಾಯ ಮಾಡಿದ್ದು, ಪರ್ವದ ದಿನಗಳಲ್ಲಿ ಉಪವಾಸವಿದ್ದದ್ದು ಎಲ್ಲವೂ ವ್ಯರ್ಥವಾಯಿತೇ, ನನ್ನ ಶ್ರದ್ಧೆಯೇ ಸುಳ್ಳೇ ಎಂಬ ಸಂಶಯ ಒಳಗೊಳಗೇ ಕೊರೆಯತೊಡಗುತ್ತದೆ. ಶೋಕವಷ್ಟೇ ಅಲ್ಲ, ಹಠಾತ್ತಾಗಿ ಉಕ್ಕುವ ಕೋಪ, ರಾತ್ರಿಯಲ್ಲಿ ಕಾರಣವಿಲ್ಲದೆ ಕಾಡುವ ಭಯ, ಚಿಕ್ಕ ಲಾಭಕ್ಕೆ ಕುಣಿಯುವ ಮನಸ್ಸು ಇವುಗಳ ವಿಷಯದಲ್ಲಿಯೂ ಧರ್ಮಶ್ರದ್ಧೆಯುಳ್ಳ ಗೃಹಸ್ಥನಿಗೆ ಇದೇ ಪ್ರಶ್ನೆ ಎದುರಾಗುತ್ತದೆ. ಭಾವಗಳು ತಾವಾಗಿ ಏಳುವುದು ಎಷ್ಟು, ನಮ್ಮ ಕೈಯಲ್ಲಿರುವುದು ಎಷ್ಟು?

ಈ ಪ್ರಶ್ನೆಯನ್ನು ತನ್ನ ಬಾಳಿನುದ್ದಕ್ಕೂ ಎದುರಿಸಿ, ಮುಚ್ಚುಮರೆಯಿಲ್ಲದೆ ಬರೆದಿಟ್ಟ ಶ್ರಾವಕರೊಬ್ಬರು ನಾಲ್ಕು ಶತಮಾನಗಳ ಹಿಂದೆ ಆಗಿಹೋದರು. ಅವರೇ ಕವಿವರ ಬನಾರಸೀದಾಸರು. ಅವರು ಮುನಿಯಲ್ಲ, ಭಟ್ಟಾರಕರಲ್ಲ, ರಾಜಾಶ್ರಯದ ಪಂಡಿತರೂ ಅಲ್ಲ. ರತ್ನ ಮತ್ತು ಬಟ್ಟೆಗಳ ವ್ಯಾಪಾರ ಮಾಡಿ, ಗಳಿಸಿ, ಕಳೆದು, ಸಾಲ ಮಾಡಿ, ಸಾಲ ತೀರಿಸಿ ಬದುಕಿದ ಗೃಹಸ್ಥರು. ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಕ್ರಿ.ಶ. 1641ರಲ್ಲಿ, ಅವರು ಬರೆದ ಅರ್ಧಕಥಾನಕವೆಂಬ 675 ಪದ್ಯಗಳ ಕೃತಿಯನ್ನು ಹಿಂದೀ ಭಾಷೆಯ ಮೊದಲ ಆತ್ಮಚರಿತ್ರೆಯೆಂದು ವಿದ್ವಾಂಸರು ಗಣಿಸುತ್ತಾರೆ. ಮನುಷ್ಯನ ಪೂರ್ಣಾಯುಷ್ಯ ನೂರಹತ್ತು ವರ್ಷವೆಂದು ಎಣಿಸಿ, ಅದರ ಅರ್ಧ ಕಳೆಯಿತೆಂಬ ಭಾವದಿಂದ ಅವರು ಅದಕ್ಕೆ ಆ ಹೆಸರಿಟ್ಟರು.

ಗೋಮತೀ ನದಿಯ ದಡದಲ್ಲಿರುವ ಜೌನಪುರದಲ್ಲಿ 1586ರಲ್ಲಿ, ಶ್ರೀಮಾಲ ಕುಲದ ಖರಗಸೇನರ ಮಗನಾಗಿ ಅವರು ಜನಿಸಿದರು. ಮೊದಲು ಇಟ್ಟ ಹೆಸರು ವಿಕ್ರಮಾಜೀತ. ಶಿಶುವನ್ನು ಕರೆದುಕೊಂಡು ತಂದೆತಾಯಿಗಳು ವಾರಾಣಸಿಗೆ ಪಾರ್ಶ್ವನಾಥ ಸ್ವಾಮಿಯ ದರ್ಶನಕ್ಕೆ ಹೋದಾಗ, ಅಲ್ಲಿಯ ಪೂಜಾರಿಯೊಬ್ಬ ಧ್ಯಾನದಲ್ಲಿ ಯಕ್ಷನ ಆದೇಶವಾಯಿತೆಂದು ನಂಬಿಸಿ, ಭಗವಂತನ ಜನ್ಮಸ್ಥಳದ ಹೆಸರನ್ನೇ ಮಗುವಿಗೆ ಇಡುವಂತೆ ಹೇಳಿದ. ಮಗನ ಆಯುಸ್ಸಿನ ಚಿಂತೆಯಲ್ಲಿದ್ದ ತಂದೆ ಒಪ್ಪಿದರು. ವಿಕ್ರಮಾಜೀತ ಬನಾರಸೀದಾಸನಾದ. ಭಯ ಮತ್ತು ವಾತ್ಸಲ್ಯ ಒಟ್ಟಿಗೆ ಸೇರಿದಾಗ ವಿವೇಕ ಹೇಗೆ ಹಿಂದೆ ಸರಿಯುತ್ತದೆಂಬುದನ್ನು ಅವರು ತಮ್ಮ ಹೆಸರಿನ ಕಥೆಯಿಂದಲೇ ಆರಂಭಿಸಿ ನಗುನಗುತ್ತಾ ತೋರಿಸಿದ್ದಾರೆ.

ಹನ್ನೊಂದನೆಯ ವಯಸ್ಸಿನಲ್ಲಿ ಖೈರಾಬಾದಿನ ಕನ್ಯೆಯೊಡನೆ ಅವರ ವಿವಾಹವಾಯಿತು. ವಧುವನ್ನು ಮನೆತುಂಬಿಸಿಕೊಂಡ ದಿನವೇ ಮನೆಯ ಅಜ್ಜಿ ತೀರಿಕೊಂಡರು. ಅದೇ ದಿನ ತಾಯಿಗೆ ಹೆಣ್ಣುಮಗು ಹುಟ್ಟಿತು. ಒಂದೇ ಸೂರಿನ ಕೆಳಗೆ, ಒಂದೇ ದಿನದಲ್ಲಿ ಸೊಸೆಯ ಆಗಮನ, ಮಗಳ ಜನನ, ವೃದ್ಧೆಯ ಮರಣ. ಹಸೆಗೆ ಹಾಡಬೇಕೋ, ತೊಟ್ಟಿಲು ಕಟ್ಟಬೇಕೋ, ಚಟ್ಟ ಕಟ್ಟಬೇಕೋ ಎಂಬ ಆ ದಿನವನ್ನು ಬಾಲಕ ಮರೆಯಲಿಲ್ಲ. ಸಂಸಾರದ ಸ್ವರೂಪ ಇದೇ ಎಂದು ಅವರು ಮುಂದೆ ಬರೆದರು. ಆದರೆ ಸ್ವರೂಪ ಕಾಣುವುದು ಬೇರೆ, ಕಂಡದ್ದರಲ್ಲಿ ನೆಲೆ ನಿಲ್ಲುವುದು ಬೇರೆ. ಆ ನೆಲೆಗಾಗಿ ಅವರು ಇನ್ನೂ ನಾಲ್ಕು ದಶಕ ನಡೆಯಬೇಕಿತ್ತು.

ಹದಿನಾಲ್ಕರ ಹೊತ್ತಿಗೆ ನಿಘಂಟು, ಅಲಂಕಾರ, ಜ್ಯೋತಿಷ ಮುಂತಾದುವನ್ನು ಕಲಿತ ಕುಶಾಗ್ರಮತಿ ಯುವಕ ಪ್ರೇಮದ ಹುಚ್ಚಿಗೆ ಬಿದ್ದ. ಭಾನುಚಂದ್ರರೆಂಬ ಯತಿಗಳ ಬಳಿ ಶಾಸ್ತ್ರಪಾಠವೂ ನಡೆಯುತ್ತಿತ್ತು. ಪ್ರಣಯದ ಅಲೆದಾಟವೂ ನಡೆಯುತ್ತಿತ್ತು. ಆ ಕಾಲದಲ್ಲಿಯೇ ನವರಸಗಳನ್ನು ವಿಷಯವಾಗಿಸಿಕೊಂಡು ಸಾವಿರ ಪದ್ಯಗಳ ಕಾವ್ಯವೊಂದನ್ನು ರಚಿಸಿದ. ಹೆಸರಿಗೆ ನವರಸ, ಅದರಲ್ಲಿ ತುಂಬಿದ್ದು ಬಹುಪಾಲು ಶೃಂಗಾರ. ಮರುವರ್ಷ ಅತ್ತೆಯ ಮನೆಯಲ್ಲಿದ್ದಾಗ ಮೈಯೆಲ್ಲ ವ್ರಣಗಳೆದ್ದು ಘೋರ ವ್ಯಾಧಿ ಬಂದಿತು. ಬಂಧುಗಳು ಅಸಹ್ಯಪಟ್ಟು ದೂರ ಸರಿದರು. ಹೆಂಡತಿ ಮತ್ತು ಅತ್ತೆ ಮಾತ್ರ ಹತ್ತಿರವಿದ್ದು ಶುಶ್ರೂಷೆ ಮಾಡಿದರು. ಊರಿನ ಕ್ಷೌರಿಕನೊಬ್ಬ ಔಷಧ ಕೊಟ್ಟು ಗುಣಪಡಿಸಿದ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಜುಗುಪ್ಸೆ ಎಂಬುದು ಯಾರೂ ಯೋಚಿಸಿ ತಂದುಕೊಳ್ಳುವ ಭಾವವಲ್ಲ. ಕೊಳೆತದ್ದನ್ನು ಕಂಡೊಡನೆ ಮುಖ ತಾನಾಗಿ ಆ ಕಡೆ ತಿರುಗುತ್ತದೆ. ದೂರ ಸರಿದವರಿಗೂ ಹತ್ತಿರ ಉಳಿದ ಇಬ್ಬರು ಹೆಂಗಸರಿಗೂ ಆ ಭಾವ ಉದಿಸಿಯೇ ಇರಬೇಕು. ಉದಿಸಿದ ಭಾವಕ್ಕೆ ಒಬ್ಬರು ಕಾಲು ಕೊಟ್ಟರು. ಇನ್ನಿಬ್ಬರು ಅದನ್ನು ಬದಿಗಿಟ್ಟು ಕೈ ಮುಂದೆ ಚಾಚಿದರು. ನಿರ್ವಿಚಿಕಿತ್ಸೆಯನ್ನು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದೆಂದು ಶಾಸ್ತ್ರ ಎಣಿಸುತ್ತದೆ. ಅದನ್ನು ಹೆಸರೆತ್ತದೆ ಪಾಲಿಸಿದವರು ಆ ಮನೆಯ ತಾಯಿಮಗಳು.

ವ್ಯಾಧಿ ವಾಸಿಯಾಯಿತು, ಮನಸ್ಸು ವಾಸಿಯಾಗಲಿಲ್ಲ. ಸಂನ್ಯಾಸಿಯೊಬ್ಬ ಒಂದು ಮಂತ್ರವನ್ನು ಕೊಟ್ಟು, ಒಂದು ವರ್ಷ ಶೌಚಸ್ಥಳದಲ್ಲಿ ಕುಳಿತು ಗುಟ್ಟಾಗಿ ಜಪಿಸಿದರೆ ದಿನಕ್ಕೊಂದು ಚಿನ್ನದ ನಾಣ್ಯ ಬಾಗಿಲಲ್ಲಿ ಬಿದ್ದಿರುತ್ತದೆಂದು ಹೇಳಿದ. ವ್ಯಾಪಾರಿಯ ಮಗ ನಂಬಿ ವರ್ಷವಿಡೀ ಜಪಿಸಿದ. ವರ್ಷ ತುಂಬಿದ ಮರುದಿನ ಬೆಳಗ್ಗೆ ಬಾಗಿಲ ಮುಂದೆ ನೆಲವನ್ನು ಹುಡುಕಿದ. ಮಣ್ಣಲ್ಲದೆ ಏನೂ ಸಿಗಲಿಲ್ಲ. ಆಮೇಲೆ ಇನ್ನೊಬ್ಬ ಯೋಗಿ ಕೊಟ್ಟ ಶಂಖವನ್ನು ಸದಾಶಿವನೆಂದು ಭಾವಿಸಿ ಯಾರಿಗೂ ತಿಳಿಯದಂತೆ ಪೂಜಿಸತೊಡಗಿದ. ಪೂಜೆ ತಪ್ಪಿದ ದಿನ ತುಪ್ಪವಿಲ್ಲದ ಒಣ ಆಹಾರ ಸೇವಿಸುವ ನಿಯಮವನ್ನೂ ಹಾಕಿಕೊಂಡ. ಲೋಭ ಮತ್ತು ಭಯಗಳೆರಡೂ ಧರ್ಮದ ವೇಷ ಧರಿಸಿ ಬಂದಾಗ ಗುರುತು ಹಿಡಿಯುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

1605ರ ಅಕ್ಟೋಬರಿನಲ್ಲಿ ಆಗ್ರಾದಲ್ಲಿ ಅಕ್ಬರ ಬಾದಷಹ ತೀರಿಕೊಂಡ. ಆ ಸುದ್ದಿ ಜೌನಪುರಕ್ಕೆ ಬಂದಾಗ ಹತ್ತೊಂಬತ್ತರ ಬನಾರಸೀದಾಸರು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಸುದ್ದಿ ಕಿವಿಗೆ ಬಿದ್ದೊಡನೆ ಎದೆ ನಡುಗಿ, ಪ್ರಜ್ಞೆ ತಪ್ಪಿ ಕೆಳಗುರುಳಿದರು. ಹಣೆ ಕಲ್ಲಿಗೆ ತಗುಲಿ ರಕ್ತ ಹರಿದು ಅಂಗಳ ಕೆಂಪಾಯಿತು. ತಾಯಿ ಓಡಿಬಂದು ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಟ್ಟೆ ಸುಟ್ಟ ಬೂದಿಯನ್ನು ಗಾಯಕ್ಕೆ ತುಂಬಿದರು. ಹೊರಗೆ ಇಡೀ ಪಟ್ಟಣಕ್ಕೆ ಅದೇ ಗತಿ. ಅಂಗಡಿಗಳು ಮುಚ್ಚಿದವು, ಮನೆಗಳ ಬಾಗಿಲು ಬಿದ್ದವು. ಸಿರಿವಂತರು ಒಡವೆಗಳನ್ನು ನೆಲದಲ್ಲಿ ಹೂತು, ಒರಟು ಬಟ್ಟೆ ಉಟ್ಟು ಬಡವರಂತೆ ಓಡಾಡಿದರು. ಹೆಂಗಸರು ಆಭರಣ ತೆಗೆದಿಟ್ಟರು. ದರೋಡೆ ಎಲ್ಲಿಯೂ ನಡೆದಿರಲಿಲ್ಲ. ನಡೆಯಬಹುದೆಂಬ ಭಯ ಮಾತ್ರ ಹತ್ತು ದಿನ ಊರನ್ನು ಆಳಿತು. ಮಗ ಜಹಾಂಗೀರ ಪಟ್ಟವೇರಿದನೆಂಬ ಪತ್ರ ಆಗ್ರಾದಿಂದ ಬಂದ ಮೇಲೆ ಜನ ಮತ್ತೆ ಬಾಗಿಲು ತೆರೆದರು.

ಬನಾರಸೀದಾಸರು ಬೀಳಬೇಕೆಂದು ನಿರ್ಧರಿಸಿ ಬಿದ್ದವರಲ್ಲ. ಬುದ್ಧಿ ಯೋಚಿಸುವುದಕ್ಕೆ ಮೊದಲೇ ದೇಹ ಕುಸಿಯಿತು. ನಮ್ಮ ಆಗಮದ ಭಾಷೆಯಲ್ಲಿ ಹೇಳುವುದಾದರೆ ಅದು ಭಯವೆಂಬ ನೋಕಷಾಯದ ಉದಯ. ಮೋಹನೀಯ ಕರ್ಮದ ಪ್ರಭೇದಗಳಲ್ಲಿ ಕ್ರೋಧ, ಮಾನ, ಮಾಯಾ, ಲೋಭ ಎಂಬ ಕಷಾಯಗಳು ಹೇಗೋ, ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳೆಂಬ ಒಂಬತ್ತು ನೋಕಷಾಯಗಳೂ ಹಾಗೆಯೇ. ಹಿಂದೆ ಕಟ್ಟಿಕೊಂಡದ್ದು ನಿಮಿತ್ತ ದೊರೆತಾಗ ಫಲ ಕೊಡುತ್ತದೆ. ಫಲ ಕೊಡುವ ಕ್ಷಣಕ್ಕೆ ನಮ್ಮ ಅಪ್ಪಣೆ ಬೇಕಿಲ್ಲ. ಹೊಸ ಕಟ್ಟು ಬೀಳುವುದು ಮಾತ್ರ ನಾವು ಆ ಫಲದಲ್ಲಿ ಎಷ್ಟು ಬೆರೆತೆವು ಎಂಬುದನ್ನು ಅವಲಂಬಿಸಿದೆ. ಹಾಗಾದರೆ ಮನುಷ್ಯನ ಪಾಲಿನ ಕೆಲಸ ಉದಯದ ನಂತರ ಆರಂಭವಾಗುತ್ತದೆ. ಬನಾರಸೀದಾಸರ ವಿಷಯದಲ್ಲಿ ಆದದ್ದೂ ಅದೇ. ಗಾಯ ಮಾಗಿದ ಮೇಲೆ ಒಂದು ದಿನ ಒಬ್ಬರೇ ಕುಳಿತು, ಬಿದ್ದ ಗಳಿಗೆಯಲ್ಲಿ ತಾವು ಗುಟ್ಟಾಗಿ ಪೂಜಿಸುತ್ತಿದ್ದ ಶಂಖ ಏನು ಮಾಡಿತೆಂದು ತಮ್ಮನ್ನೇ ಕೇಳಿಕೊಂಡರು. ಉತ್ತರ ಸ್ಪಷ್ಟವಿತ್ತು. ಪೂಜೆ ನಿಂತಿತು. ಭಯ ಬಂದು ಕೆಡವಿದ್ದು ಅವರ ಕೈಯಲ್ಲಿರಲಿಲ್ಲ. ಆ ಭಯದಿಂದ ಏನು ಕಲಿಯಬೇಕೆಂಬುದು ಅವರ ಕೈಯಲ್ಲಿತ್ತು.

ಅದೇ ಕಾಲದಲ್ಲಿ ಒಂದು ಸಂಜೆ ಗೆಳೆಯರೊಡನೆ ಗೋಮತಿಯ ಸೇತುವೆಯ ಮೇಲೆ ಕುಳಿತು ತಮ್ಮ ನವರಸ ಕಾವ್ಯವನ್ನು ಓದುತ್ತಿದ್ದರು. ಓದುತ್ತಿದ್ದಂತೆ ಮನಸ್ಸು ತಿರುಗಿತು. ಒಂದು ಸುಳ್ಳಾಡಿದವನೇ ನರಕಕ್ಕೆ ಹೋಗುವನೆಂದು ಕೇಳಿದ್ದೇನೆ. ಸಾವಿರ ಪದ್ಯಗಳಷ್ಟು ಕಲ್ಪಿತ ಸುಳ್ಳನ್ನು ಕಟ್ಟಿದ ನನ್ನ ಗತಿ ಏನೆಂದು ತೋರಿತು. ಕೈಯಲ್ಲಿದ್ದ ಪುಸ್ತಕವನ್ನು ಹೊಳೆಗೆ ಎಸೆದುಬಿಟ್ಟರು. ಗೆಳೆಯರು ಹಾಹಾಕಾರ ಮಾಡುತ್ತಿದ್ದಂತೆ ಬಿಡಿ ಹಾಳೆಗಳು ನೀರಿನ ಮೇಲೆ ಚದುರಿ ತೇಲಿಹೋದವು. ಅಂದಿನಿಂದ ಪ್ರಣಯದ ಅಲೆದಾಟ ಬಿಟ್ಟರು. ಜಿನದರ್ಶನ, ಸಾಮಾಯಿಕ, ಪ್ರತಿಕ್ರಮಣ, ವ್ರತನಿಯಮಗಳನ್ನು ಹಿಡಿದರು. ಮಗ ದಾರಿಗೆ ಬಂದನೆಂದು ಖರಗಸೇನರು ಹಿಗ್ಗಿದರು. ಈ ಪ್ರಸಂಗವನ್ನು ಓದಿದವರಿಗೆ ಕಥೆ ಇಲ್ಲಿಯೇ ಮುಗಿಯಬಹುದಿತ್ತೆಂದು ತೋರುತ್ತದೆ. ಆದರೆ ಕಾಗದವನ್ನು ಹೊಳೆಗೆ ಎಸೆದಷ್ಟು ಸುಲಭವಾಗಿ ರಾಗದ್ವೇಷಗಳನ್ನು ಎಸೆಯಲಾಗುವುದಿಲ್ಲ.

1610ರ ಸುಮಾರಿಗೆ ತಂದೆ ಮಗನಿಗೆ ರತ್ನಗಳು, ತುಪ್ಪ, ಎಣ್ಣೆ ಮತ್ತು ಜೌನಪುರದ ಬಟ್ಟೆಗಳನ್ನು ಕೊಟ್ಟು ವ್ಯಾಪಾರಕ್ಕೆ ಆಗ್ರಾಕ್ಕೆ ಕಳುಹಿಸಿದರು. ಇಟಾವಾ ಸಮೀಪದಲ್ಲಿ ಮಳೆ ಹಿಡಿಯಿತು. ಯಾವ ಬಾಗಿಲೂ ತೆರೆಯದೆ, ಕೆಸರಿನಲ್ಲಿ ಅಲೆದು, ಕಡೆಗೆ ಕಾವಲುಗಾರರ ಗುಡಿಸಲಿನಲ್ಲಿ ಮಂಚದ ಕೆಳಗೆ ಗೋಣಿ ಹಾಸಿ ರಾತ್ರಿ ಕಳೆದರು. ಆಗ್ರಾದಲ್ಲಿ ಅನುಭವವಿಲ್ಲದ ಯುವಕನಿಗೆ ನಷ್ಟದ ಮೇಲೆ ನಷ್ಟ. ಕೆಲವು ರತ್ನಗಳು ಉಡುಪಿನಿಂದಲೇ ಜಾರಿ ಕಳೆದುಹೋದವು. ಬಂಡವಾಳವೆಲ್ಲ ಕರಗಿತು. ಜ್ವರ ಬಂದು ಮಲಗಿದರು. ಸಂಜೆ ಹೊತ್ತು ಮನೆಯಲ್ಲಿ ಮಧುಮಾಲತಿ, ಮೃಗಾವತಿ ಕಥೆಗಳನ್ನು ರಾಗವಾಗಿ ಓದುತ್ತಿದ್ದರು. ಹತ್ತಿಪ್ಪತ್ತು ಜನ ಸೇರಿ ಕೇಳುತ್ತಿದ್ದರು. ಅವರಲ್ಲಿ ಕಚೋರಿ ಮಾರುವವನೊಬ್ಬನಿದ್ದ. ಅವನಲ್ಲಿ ದಿನವೂ ಸಾಲಕ್ಕೆ ಕಚೋರಿ ತಿನ್ನುತ್ತಿದ್ದ ಬನಾರಸೀದಾಸರು ಒಂದು ದಿನ ನಾಚಿಕೆ ತಡೆಯಲಾರದೆ ತಮ್ಮ ದಾರಿದ್ರ್ಯವನ್ನು ಹೇಳಿಬಿಟ್ಟರು. ಅವನು ಸ್ವಲ್ಪವೂ ಕೋಪಿಸಿಕೊಳ್ಳದೆ, ಇನ್ನೂ ಸಾಲ ಬೆಳೆದರೂ ಚಿಂತೆಯಿಲ್ಲ, ತಿನ್ನುತ್ತಿರಿ ಎಂದ. ಆರೇಳು ತಿಂಗಳು ಹಾಗೆಯೇ ನಡೆಯಿತು. ಶಾಸ್ತ್ರ ಓದದ ಆ ಮನುಷ್ಯನ ಸಮಾಧಾನವನ್ನು ಶಾಸ್ತ್ರ ಓದಿದ ಕವಿ ಕೃತಜ್ಞತೆಯಿಂದ ದಾಖಲಿಸಿದ್ದಾರೆ.

ಬರಿಗೈಯಲ್ಲಿ ಖೈರಾಬಾದಿಗೆ ಹೋದಾಗ ಹೆಂಡತಿ ಗಂಡನ ಮುಖ ನೋಡಿಯೇ ವಿಷಯ ತಿಳಿದುಕೊಂಡಳು. ಹಳಿಯಲಿಲ್ಲ. ತಾನು ಕೂಡಿಟ್ಟಿದ್ದ ಇಪ್ಪತ್ತು ರೂಪಾಯಿಗಳನ್ನು ತಂದು ಕೈಯಲ್ಲಿಟ್ಟಳು. ತಾಯಿಗೆ ಗುಟ್ಟಾಗಿ ಹೇಳಿ ಇನ್ನಷ್ಟು ಹಣ ಕೊಡಿಸಿದಳು. ಆ ಹಣದಿಂದ ಬನಾರಸೀದಾಸರು ಮತ್ತೆ ವ್ಯಾಪಾರ ಆರಂಭಿಸಿದರು. ನಮ್ಮ ಭಾವಗಳನ್ನು ನಾವು ಒಬ್ಬರೇ ಸಂಭಾಳಿಸುತ್ತೇವೆಂದುಕೊಳ್ಳುವುದು ಒಂದು ಬಗೆಯ ಮಾನಕಷಾಯ. ಸಮಾಧಾನದಿಂದಿರುವ ಒಬ್ಬರು ಪಕ್ಕದಲ್ಲಿದ್ದರೆ ಎಷ್ಟೋ ಬಿರುಗಾಳಿಗಳು ತಾವಾಗಿ ತಗ್ಗುತ್ತವೆ. ಪರಸ್ಪರೋಪಗ್ರಹವು ಜೀವಗಳ ಸ್ವಭಾವವೆಂದು ತತ್ತ್ವಾರ್ಥಸೂತ್ರ ಹೇಳುವುದನ್ನು ಅನ್ನವಸ್ತ್ರಗಳಿಗಷ್ಟೇ ಸೀಮಿತಗೊಳಿಸಬೇಕಾಗಿಲ್ಲ.

ಮುಂದೊಮ್ಮೆ ಸಂಗಡಿಗರೊಡನೆ ಪ್ರಯಾಣ ಮಾಡುತ್ತಿದ್ದಾಗ ಕಾಡಿನಲ್ಲಿ ದಾರಿ ತಪ್ಪಿ ಕಳ್ಳರ ಊರಿಗೇ ಹೋಗಿ ನಿಂತರು. ಸುತ್ತಲೂ ಕಳ್ಳರು, ಪ್ರಾಣ ಬಾಯಿಗೆ ಬಂದಿತು. ಜೌನಪುರದ ಮೆಟ್ಟಿಲ ಮೇಲೆ ಬರಿಯ ಸುದ್ದಿಗೆ ಮೂರ್ಛೆ ಹೋದ ವ್ಯಕ್ತಿ ಇಲ್ಲಿ ಮೂರ್ಛೆ ಹೋಗಲಿಲ್ಲ. ಒಂದು ಸಂಸ್ಕೃತ ಶ್ಲೋಕವನ್ನು ಹೇಳಿ ಕಳ್ಳರ ನಾಯಕನಿಗೆ ಆಶೀರ್ವಾದ ಮಾಡಿದರು. ಬ್ರಾಹ್ಮಣರೆಂದು ಭಾವಿಸಿದ ನಾಯಕ ಅವರಿಗೆ ರಾತ್ರಿ ತಂಗಲು ಜಾಗ ಕೊಟ್ಟ. ಭಯದಿಂದ ನಿದ್ರೆ ಬರಲಿಲ್ಲ. ಆ ಎಚ್ಚರದಲ್ಲಿಯೇ ಬಟ್ಟೆಯ ನೂಲು ತೆಗೆದು ಜನಿವಾರ ಹೊಸೆದುಕೊಂಡು, ಮಣ್ಣು ನೀರು ಕಲಸಿ ಹಣೆಗೆ ತಿಲಕವಿಟ್ಟುಕೊಂಡರು. ಬೆಳಗ್ಗೆ ನಾಯಕ ಬಂದು ನಮಸ್ಕರಿಸಿ, ತಾನೇ ಜೊತೆಗೆ ನಡೆದು ಫತೇಪುರದ ದಾರಿ ತೋರಿಸಿದ. ಭಯ ಅಂದೂ ಇತ್ತು, ಇಂದೂ ಇತ್ತು. ಅಂದು ಭಯ ಅವರನ್ನು ಹೊತ್ತು ಕೆಡವಿತು. ಇಂದು ಅವರು ಭಯವನ್ನು ಹೊತ್ತುಕೊಂಡೇ ಕೆಲಸ ಮಾಡಿದರು. ಅವರು ಹೂಡಿದ ವೇಷ ಸತ್ಯವ್ರತಕ್ಕೆ ಒಪ್ಪುವಂಥದಲ್ಲ ಎಂಬುದು ನಿಜ. ಆದರೂ ಭಾವ ಉದಿಸಿದಾಗ ಬುದ್ಧಿ ಕೆಲಸ ಮಾಡಲು ಸಾಧ್ಯವೆಂಬುದನ್ನು ಆ ರಾತ್ರಿ ತೋರಿಸುತ್ತದೆ.

ಶೋಕದ ಪರೀಕ್ಷೆ ಇನ್ನೂ ಕಠಿಣವಾಗಿತ್ತು. ಇಪ್ಪತ್ತು ರೂಪಾಯಿ ಕೊಟ್ಟ ಆ ಸಾಧ್ವಿ ಹೆರಿಗೆಯ ನಂತರ ತೀರಿಕೊಂಡಳು. ಹುಟ್ಟಿದ ಮಗುವೂ ಕೆಲವೇ ದಿನಗಳಲ್ಲಿ ಹೋಯಿತು. ಊರಿನಲ್ಲಿಲ್ಲದ ಬನಾರಸೀದಾಸರಿಗೆ ಈ ವಿಷಯ ತಿಳಿದದ್ದು ತಂದೆಯ ಪತ್ರದಿಂದ. ಅದೇ ಪತ್ರದಲ್ಲಿ ಅವಳ ತಂಗಿಯೊಡನೆ ಅವರ ಮರುವಿವಾಹ ನಿಶ್ಚಯವಾದ ಸುದ್ದಿಯೂ ಇತ್ತು. ಒಂದೇ ಕಾಗದದಲ್ಲಿ ಚಿತೆ ಮತ್ತು ಹಸೆ. ಕ್ಷಣದಲ್ಲಿ ಬೆಂಕಿಗೂ ಕ್ಷಣದಲ್ಲಿ ನೀರಿಗೂ ಇಳಿಯುವ ಕಮ್ಮಾರನ ಇಕ್ಕುಳಕ್ಕೆ ಅವರು ತಮ್ಮ ಅಂದಿನ ಸ್ಥಿತಿಯನ್ನು ಹೋಲಿಸಿದ್ದಾರೆ. ಮೂರು ಬಾರಿ ವಿವಾಹವಾದ ಅವರಿಗೆ ಇಬ್ಬರು ಹೆಣ್ಣುಮಕ್ಕಳು, ಏಳು ಗಂಡುಮಕ್ಕಳು ಹುಟ್ಟಿದರು. ಒಂಬತ್ತು ಮಕ್ಕಳೂ ತಂದೆಯ ಕಣ್ಣೆದುರಿಗೇ ಹೋದರು. ಕೊನೆಗೆ ಉಳಿದದ್ದು ಎಲೆಯುದುರಿದ ಮರಗಳಂತೆ ಗಂಡ ಹೆಂಡತಿ ಇಬ್ಬರೇ.

ಈ ನೋವುಗಳ ನಡುವೆಯೇ ಅವರ ಅಧ್ಯಾತ್ಮದ ಹಾದಿಯಲ್ಲಿ ಒಂದು ದೊಡ್ಡ ತಿರುವು ಬಂದಿತು. 1623ರ ಸುಮಾರಿಗೆ ಅರ್ಥಮಲ್ಲರೆಂಬ ಅಧ್ಯಾತ್ಮಪ್ರಿಯರು ಕುಂದಕುಂದಾಚಾರ್ಯರ ಸಮಯಸಾರವನ್ನು ರಾಜಮಲ್ಲರ ಭಾಷಾಟೀಕೆಯೊಡನೆ ಅವರ ಕೈಗಿತ್ತರು. ಆತ್ಮ ಶುದ್ಧವೆಂದೂ, ಕ್ರೋಧಾದಿಗಳು ಆತ್ಮನ ಸ್ವಭಾವವಲ್ಲವೆಂದೂ ನಿಶ್ಚಯನಯದಿಂದ ಹೇಳುವ ಆ ಮಹಾಗ್ರಂಥವನ್ನು ಬನಾರಸೀದಾಸರು ಮತ್ತೆಮತ್ತೆ ಓದಿದರು. ಓದಿ ತಪ್ಪಾಗಿ ತಿಳಿದರು. ಕ್ರೋಧ ನನ್ನದಲ್ಲ, ಶೋಕ ನನ್ನದಲ್ಲ, ನಾನು ಶುದ್ಧಾತ್ಮನೆಂದ ಮೇಲೆ ಸಾಮಾಯಿಕವೇಕೆ, ಪ್ರತಿಕ್ರಮಣವೇಕೆ, ಪೂಜೆಯೇಕೆ ಎಂದು ಎಲ್ಲ ಕ್ರಿಯೆಗಳನ್ನೂ ಬಿಟ್ಟರು. ಸಮಾನ ಮನಸ್ಸಿನ ಮೂವರು ಗೆಳೆಯರೊಡನೆ ಕೋಣೆಯೊಳಗೆ ವಸ್ತ್ರ ಕಳಚಿ ಸುತ್ತಾಡುತ್ತಾ, ತಾವು ಅಪರಿಗ್ರಹಿ ಮುನಿಗಳಾದೆವೆಂದು ಆಟವಾಡಿದ್ದೂ ಉಂಟು. ಜನ ನಕ್ಕರು, ನಿಂದಿಸಿದರು. ಆತ್ಮರಸದ ಸ್ವಾದ ಬರಲಿಲ್ಲ, ಕ್ರಿಯೆಯ ರಸ ಬತ್ತಿಹೋಯಿತು. ಸುಮಾರು ಹನ್ನೆರಡು ವರ್ಷ ಅವರು ಈ ಎರಡರ ನಡುವೆ ತೂಗಾಡಿದರು.

ಈ ತಪ್ಪು ತಿಳಿವಳಿಕೆ ಅವರೊಬ್ಬರದೇ ಅಲ್ಲ. ಭಾವ ನನ್ನ ಸ್ವಭಾವವಲ್ಲ ಎಂಬ ತತ್ತ್ವವನ್ನು, ಭಾವ ನನ್ನಲ್ಲಿ ಏಳುವುದೇ ಇಲ್ಲ ಎಂಬ ಹಟವಾಗಿ ಮಾರ್ಪಡಿಸಿಕೊಳ್ಳುವುದು ಇಂದಿಗೂ ನಡೆಯುತ್ತದೆ. ಶುಂಠಿಯನ್ನು ನೆನೆದ ಮಾತ್ರಕ್ಕೆ ಶೀತ ಹೋಗದು. ಕ್ರೋಧ ಪರದ್ರವ್ಯದ ನಿಮಿತ್ತದಿಂದ ಉಂಟಾದದ್ದೆಂದು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಕೋಲು ಹಿಡಿದವನಿಗೆ ನಿಶ್ಚಯನಯ ಏನು ಮಾಡೀತು?

1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು, ತಿಹುನಾ ಸಾಹು ಕಟ್ಟಿಸಿದ ಜಿನಮಂದಿರದಲ್ಲಿ ಇಳಿದುಕೊಂಡರು. ಅಲ್ಲಿಯ ಅಧ್ಯಾತ್ಮಿಗಳೆಲ್ಲ ಸೇರಿ ಅವರಿಂದ ಗೋಮ್ಮಟಸಾರದ ಪ್ರವಚನ ಮಾಡಿಸಿದರು. ಕನ್ನಡಿಗರಾದ ನಾವು ಇಲ್ಲಿ ಒಂದು ಕ್ಷಣ ನಿಂತು ಹೆಮ್ಮೆಪಡಬಹುದು. ಶ್ರವಣಬೆಳಗೊಳದಲ್ಲಿ ಬಾಹುಬಲಿ ಸ್ವಾಮಿಯ ವಿಗ್ರಹವನ್ನು ಮಾಡಿಸಿದ ಚಾವುಂಡರಾಯನ ನಿಮಿತ್ತದಿಂದ, ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗ್ರಂಥವದು. ಅದಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ವೃತ್ತಿಯನ್ನು ಬರೆದರು. ನಮ್ಮ ನೆಲದಲ್ಲಿ ಹುಟ್ಟಿದ ಆ ಗ್ರಂಥವು ಆರೂವರೆ ಶತಮಾನಗಳ ನಂತರ ಯಮುನೆಯ ದಡದಲ್ಲಿ ದಿಕ್ಕು ತಪ್ಪಿದ್ದ ಒಬ್ಬ ವ್ಯಾಪಾರಿಯ ಕೈ ಹಿಡಿಯಿತು.

ಗೋಮ್ಮಟಸಾರ ಜೀವನ ಸ್ಥಿತಿಯನ್ನು ಹದಿನಾಲ್ಕು ಗುಣಸ್ಥಾನಗಳಲ್ಲಿ ವಿವರಿಸುತ್ತದೆ. ಸಮ್ಯಗ್ದರ್ಶನ ದೊರೆಯುವುದು ನಾಲ್ಕನೆಯದರಲ್ಲಿ. ಅಣುವ್ರತಿಯಾದ ಶ್ರಾವಕ ನಿಲ್ಲುವುದು ಐದನೆಯದರಲ್ಲಿ. ಮುನಿಧರ್ಮ ಆರರಿಂದ ಮೇಲೆ. ಶ್ರದ್ಧೆ ಸರಿಯಾದೊಡನೆ ಕಷಾಯಗಳೆಲ್ಲ ಅಳಿಯುವುದಿಲ್ಲ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆಗಳ ಉದಯ ಎಂಟನೆಯ ಗುಣಸ್ಥಾನದವರೆಗೂ ಇರುತ್ತದೆ. ಹಾಗಿರುವಾಗ ಮಗುವನ್ನು ಕಳೆದುಕೊಂಡ ತಾಯಿಯ ಕಣ್ಣೀರನ್ನು ಕಂಡು ಅವಳ ಶ್ರದ್ಧೆಯನ್ನು ಅಳೆಯಲು ನಮಗೇನು ಅಧಿಕಾರ?

ಹಾಗೆಂದು ಉದಯವನ್ನು ನೆಪವಾಗಿ ಹಿಡಿದು ಕೈಕಟ್ಟಿ ಕೂರುವುದಕ್ಕೂ ಆ ಗ್ರಂಥ ಅವಕಾಶ ಕೊಡುವುದಿಲ್ಲ. ಕ್ರೋಧವು ಕಲ್ಲಿನ ಮೇಲಿನ ಗೆರೆಯಂತೆ, ನೆಲದ ಬಿರುಕಿನಂತೆ, ಧೂಳಿನ ಗೆರೆಯಂತೆ, ನೀರಿನ ಗೆರೆಯಂತೆ ನಾಲ್ಕು ಬಗೆಯೆಂದು ಅದು ವಿಂಗಡಿಸುತ್ತದೆ. ಕಷಾಯದ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬುದನ್ನೂ ಹೇಳುತ್ತದೆ. ಸಂಜ್ವಲನದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅನಂತಾನುಬಂಧಿಯದು ಭವಭವಾಂತರ. ಕೋಪ ಬಂದಿತೇ ಎಂಬುದಕ್ಕಿಂತ ಅದು ಒಳಗೆ ಎಷ್ಟು ದಿನ ಉಳಿಯಿತು ಎಂಬುದು ದೊಡ್ಡ ಪ್ರಶ್ನೆ. ಪ್ರತಿಕ್ರಮಣವನ್ನು ದಿನಕ್ಕೊಮ್ಮೆ, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂದು ಹಿರಿಯರು ಗೊತ್ತುಪಡಿಸಿದ್ದರ ಹಿಂದಿನ ವಿವೇಕ ಇದರಿಂದ ಅರ್ಥವಾಗುತ್ತದೆ. ಮಣ್ಣು ಒದ್ದೆಯಿರುವಾಗಲೇ ಗೆರೆಯನ್ನು ಅಳಿಸಬೇಕು. ಒಣಗಿ ಕಲ್ಲಾದ ಮೇಲೆ ಉಳಿ ಬೇಕಾಗುತ್ತದೆ. ದಿನವೂ ಅಳಿಸುವ ಅಭ್ಯಾಸ ಬಲಿತಂತೆ, ಮೊದಲು ಪ್ರಯತ್ನದಿಂದ ಆಗುತ್ತಿದ್ದ ಕ್ಷಮೆ ಕ್ರಮೇಣ ಸಹಜವಾಗುತ್ತದೆ. ಮಗ್ಗಿಯನ್ನು ಬಾಯಿಪಾಠ ಮಾಡುವ ಮಗು ಮೊದಲು ಬೆರಳೆಣಿಸಿ ತಡವರಿಸುತ್ತದೆ. ಆಮೇಲೆ ಕೇಳಿದೊಡನೆ ಉತ್ತರ ಬಾಯಿಗೆ ಬರುತ್ತದೆ. ಕ್ರೋಧವನ್ನು ಅಭ್ಯಾಸದಿಂದಲೇ ಸಹಜವಾಗಿಸಿಕೊಂಡವರು ನಾವು. ಕ್ಷಮೆಯನ್ನೂ ಅಭ್ಯಾಸದಿಂದಲೇ ಸಹಜವಾಗಿಸಿಕೊಳ್ಳಬಹುದು.

ಈ ಪ್ರವಚನದಿಂದ ಬನಾರಸೀದಾಸರ ಸಂಶಯ ಹರಿಯಿತು. ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇವೋ ಆ ಮೆಟ್ಟಿಲಿಗೆ ತಕ್ಕ ಕ್ರಿಯೆ ಬೇಕೇ ಬೇಕು, ನಿಶ್ಚಯ ವ್ಯವಹಾರಗಳು ಒಂದನ್ನೊಂದು ಕೊಲ್ಲುವ ವೈರಿಗಳಲ್ಲ ಎಂಬುದು ಅವರಿಗೆ ತಿಳಿಯಿತು. ಮರುವರ್ಷ, 1636ರಲ್ಲಿ, ಅವರು ಸಮಯಸಾರ ನಾಟಕವನ್ನು ರಚಿಸಿದರು. ಅಂದಿನಿಂದ ಇಂದಿನವರೆಗೂ ಉತ್ತರ ಭಾರತದ ಸ್ವಾಧ್ಯಾಯ ಮಂಡಲಿಗಳಲ್ಲಿ ಓದಲ್ಪಡುತ್ತಿರುವ ಕೃತಿಯದು. ಅದರಲ್ಲಿ ನವರಸಗಳು ಮತ್ತೆ ಬರುತ್ತವೆ. ಯೌವನದಲ್ಲಿ ಹೊಳೆಗೆ ಎಸೆದ ರಸಗಳನ್ನೇ ಪ್ರೌಢ ಕವಿ ಮರಳಿ ಕರೆದು ಹೊಸ ಕೆಲಸಕ್ಕೆ ಹಚ್ಚಿದ್ದಾರೆ. ಆತ್ಮಗುಣಗಳ ಚಿಂತನೆಯೇ ಶೃಂಗಾರವಾಗುತ್ತದೆ. ವೀರವು ಪುರುಷಾರ್ಥದಲ್ಲಿ, ರೌದ್ರವು ಅಷ್ಟಕರ್ಮಗಳ ನಾಶದಲ್ಲಿ, ಬೀಭತ್ಸವು ದೇಹದ ಅಶುಚಿತ್ವದ ಅರಿವಿನಲ್ಲಿ, ಅದ್ಭುತವು ಆತ್ಮನ ಅನಂತ ಬಲದ ಸ್ಮರಣೆಯಲ್ಲಿ ಸಾರ್ಥಕವಾಗುತ್ತವೆ. ಎಲ್ಲದರ ನಾಯಕ ಶಾಂತರಸ. ಭಾವದ ಶಕ್ತಿಯನ್ನು ಕೊಲ್ಲದೆ ಅದರ ಮುಖವನ್ನು ತಿರುಗಿಸಬಹುದೆಂಬ ಈ ದರ್ಶನ ಅವರ ಬಾಳಿನ ಫಲ. ಸೇತುವೆಯ ಮೇಲೆ ಎಸೆದದ್ದು ತ್ಯಾಗವಾದರೆ, ನಾಟಕದಲ್ಲಿ ತಿರುಗಿಸಿದ್ದು ವಿವೇಕ.

ಆದರೂ ಅವರು ತಮ್ಮನ್ನು ಸಿದ್ಧಪುರುಷರೆಂದು ಬಿಂಬಿಸಿಕೊಳ್ಳಲಿಲ್ಲ. ಸಮಯಸಾರ ನಾಟಕ ಮುಗಿದ ಐದು ವರ್ಷಗಳ ನಂತರ ಬರೆದ ಅರ್ಧಕಥಾನಕದ ಕೊನೆಯಲ್ಲಿ ತಮ್ಮ ಗುಣದೋಷಗಳ ಲೆಕ್ಕವನ್ನು ವ್ಯಾಪಾರಿಯ ಖಾತೆಯಂತೆ ಬರೆದಿಟ್ಟಿದ್ದಾರೆ. ಜಮೆಯ ಕಡೆಯಲ್ಲಿ ಕ್ಷಮೆ, ಸಂತೋಷ, ಮೃದುವಾದ ಮಾತು, ಕವಿತಾಶಕ್ತಿ. ಖರ್ಚಿನ ಕಡೆಯಲ್ಲಿ ಕ್ರೋಧ, ಮಾನ, ಮಾಯೆಗಳು ನೀರಿನ ಗೆರೆಯಷ್ಟು ತೆಳುವಾಗಿವೆ. ಆದರೆ ಸಂಪತ್ತಿನ ಮೋಹ ಇನ್ನೂ ದೊಡ್ಡದಾಗಿಯೇ ಇದೆ. ಅಲ್ಪ ಲಾಭಕ್ಕೆ ಹಿಗ್ಗು, ಅಲ್ಪ ನಷ್ಟಕ್ಕೆ ಕುಗ್ಗು. ಒಬ್ಬರೇ ಇದ್ದಾಗ ಕುಣಿಯುವ ಹುಡುಗಾಟಿಕೆ. ಕೆಲವೊಮ್ಮೆ ಕಾರಣವಿಲ್ಲದೆ ಎದೆಯನ್ನು ಕವಿಯುವ ಹಠಾತ್ ಭಯ. ಹತ್ತೊಂಬತ್ತರಲ್ಲಿ ಮೆಟ್ಟಿಲಿನಿಂದ ಕೆಡವಿದ ಭಯ ಐವತ್ತೈದರಲ್ಲಿಯೂ ಬಂದು ಹೋಗುತ್ತಿತ್ತು. ಕಂಡದ್ದನ್ನು ಕಂಡಂತೆ ಬರೆದರು. ಕಲ್ಲಿನ ಗೆರೆಗಳಾಗಿದ್ದುವು ನೀರಿನ ಗೆರೆಗಳಾದವು ಎಂಬುದರಲ್ಲಿ ಹಿಗ್ಗಲಿಲ್ಲ. ಉಳಿದ ಗೆರೆಗಳನ್ನು ಮರೆಮಾಚಲೂ ಇಲ್ಲ. ಒಂಬತ್ತು ಮಕ್ಕಳ ಅಗಲಿಕೆಯ ಬಗ್ಗೆಯೂ ಅವರು ಹೇಳಿದ್ದು ಇಷ್ಟೇ: ತತ್ತ್ವದೃಷ್ಟಿಯಿಂದ ನೋಡಿದರೆ ಪರಿಗ್ರಹ ಕಡಿಮೆಯಾದಷ್ಟೂ ಶಾಂತಿ ಹೆಚ್ಚುತ್ತದೆ, ಆದರೆ ಸಂಸಾರದಲ್ಲಿರುವವನ ಕಣ್ಣಿಗೆ ಅದು ಹಾಗೆ ಕಾಣುವುದಿಲ್ಲ. ತತ್ತ್ವವನ್ನೂ ಬಿಡಲಿಲ್ಲ, ನೋವನ್ನೂ ನಿರಾಕರಿಸಲಿಲ್ಲ.

ಬಾಳಿನ ಉಳಿದ ಅರ್ಧದ ಕಥೆಯನ್ನು ಅವರು ಬರೆಯಲಿಲ್ಲ. ಬರೆದ ಅರ್ಧವೇ ಗೃಹಸ್ಥರಾದ ನಮಗೆ ಸಾಕಷ್ಟಿದೆ. ಬಂಧುಗಳ ಮನೆಯಲ್ಲಿ ಸಾವಾದಾಗ ಅಳಬೇಡಿ ಎಂದು ಹೇಳುವುದಕ್ಕೆ ಮೊದಲು ಸ್ವಲ್ಪ ಹೊತ್ತು ಅವರ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳೋಣ. ದ್ವಾದಶಾನುಪ್ರೇಕ್ಷೆಯ ಚಿಂತನೆಗೆ ಕಣ್ಣೀರು ಆರಿದ ಮೇಲೆಯೂ ಸಮಯವಿರುತ್ತದೆ. ನಮ್ಮ ಮನೆಯಲ್ಲಿ ಕೋಪ ಎದ್ದ ದಿನ, ಏಕೆ ಎದ್ದಿತೆಂದು ಹಲುಬುವ ಬದಲು, ರಾತ್ರಿ ದೀಪ ಆರಿಸುವುದರೊಳಗೆ ಅದನ್ನು ಅಳಿಸಿ ಮಲಗೋಣ. ಭಯ ಬಂದಾಗ ಬಂದಿದೆಯೆಂದು ಒಪ್ಪಿಕೊಂಡು, ಪಂಚನಮಸ್ಕಾರವನ್ನು ಸ್ಮರಿಸಿ, ಮುಂದಿನ ಹೆಜ್ಜೆ ಇಡೋಣ. ಉದಯ ಕರ್ಮದ ಪಾಲಿನದು, ಉಪಶಮದ ಪ್ರಯತ್ನ ನಮ್ಮ ಪಾಲಿನದು. ವರ್ಷದ ಕೊನೆಗೆ ಕ್ಷಮಾವಣಿಯ ದಿನ ಬಂದಾಗ ಅಳಿಸಬೇಕಾದ ಗೆರೆಗಳು ಹಿಂದಿನ ವರ್ಷಕ್ಕಿಂತ ಒಂದೆರಡಾದರೂ ಕಡಿಮೆಯಿದ್ದರೆ, ಆ ವರ್ಷದ ಸ್ವಾಧ್ಯಾಯ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.